ಮಾತು ಬಿದ್ದುಹೋದ ಮೇಲೆ

(ಓದುಗರ ಬಳಗವೊಂದರ ಮಾಸಿಕ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಲಕ್ವ ಹೊಡೆದವರನ್ನು ನೋಡಿಕೊಂಡು ಬಂದ ಹಿರಿಯರು ಮನೆಯಲ್ಲಿ ಒಪ್ಪಿಸುವ ವರದಿಯನ್ನು ನೀವೆಲ್ಲ ಕೇಳಿರುತ್ತೀರಿ. ಒಬ್ಬರ ಬಗ್ಗೆ, ‘ಎಡಗೈ ಎಡಗಾಲು ಆಡುವುದಿಲ್ಲ, ಆದರೆ ಮಾತು ಪರವಾಗಿಲ್ಲ’ ಎನ್ನುತ್ತಾರೆ. ಇನ್ನೊಬ್ಬರ ಬಗ್ಗೆ, ‘ಬಲಗಡೆ ಪೂರ್ತಿ ಹೋಗಿದೆ, ಮಾತೂ ಬಿದ್ದುಹೋಗಿದೆ’ ಎನ್ನುತ್ತಾರೆ. ಮಾತು ಸಾಮಾನ್ಯವಾಗಿ ಬಲಗೈಯ ಜೊತೆಗೇ ಏಕೆ ಹೋಗಬೇಕು? ನಾಲಿಗೆಯೇನೂ ದೇಹದ ಬಲಭಾಗಕ್ಕೆ ಸೇರಿದ್ದಲ್ಲವಲ್ಲ! ಈ ಪ್ರಶ್ನೆಗೆ ಉತ್ತರ ಸಿಕ್ಕಿ ನೂರೈವತ್ತು ವರ್ಷಗಳ ಮೇಲಾಯಿತು. ಉತ್ತರ ವೈದ್ಯರ ಪುಸ್ತಕದಲ್ಲಿ ಭದ್ರವಾಗಿದೆ. ನಮ್ಮ ಪಡಸಾಲೆಗಳಿಗೆ ಮಾತ್ರ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ.

ನಾನು ವೈದ್ಯನಲ್ಲ. ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದವನು, ಬೇರೆಯವರು ಆಡಿದ್ದನ್ನು ಬರೆದುಕೊಳ್ಳುವುದು ನನ್ನ ಉದ್ಯೋಗ. ಆಡಲಾರದವರ ಕಥೆ ಏನಿರಬಹುದೆಂಬ ಕುತೂಹಲದಿಂದ ಓದತೊಡಗಿದೆ. ಆ ಓದಿನಲ್ಲಿ ಮೊದಲು ಎದುರಾದವನು ಪ್ಯಾರಿಸ್ಸಿನ ಒಬ್ಬ ರೋಗಿ.

ಪ್ಯಾರಿಸ್ ನಗರದ ದಕ್ಷಿಣಕ್ಕೆ ಬಿಸೆತ್ರ್ ಎಂಬ ದೊಡ್ಡ ಆಸ್ಪತ್ರೆಯಿದೆ. 1861ರ ಏಪ್ರಿಲ್‌ನಲ್ಲಿ ಅಲ್ಲಿಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಐವತ್ತೊಂದು ವರ್ಷದ ಒಬ್ಬ ರೋಗಿಯನ್ನು ಹೊತ್ತು ತಂದರು. ಬಲಗಾಲು ಕೀವು ತುಂಬಿ ಕೊಳೆಯುತ್ತಿತ್ತು. ಆತ ಅದೇ ಆಸ್ಪತ್ರೆಯಲ್ಲಿ 21 ವರ್ಷಗಳಿಂದ ಇದ್ದವನು. ಏನು ಕೇಳಿದರೂ ಅವನ ಉತ್ತರ ಒಂದೇ: ‘ತಾನ್, ತಾನ್’. ಹೆಸರು ಕೇಳಿದರೂ ತಾನ್, ನೋವೆಲ್ಲಿ ಎಂದರೂ ತಾನ್. ಆಸ್ಪತ್ರೆಯವರೆಲ್ಲ ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಸಹರೋಗಿಗಳಿಗೆ ಅವನನ್ನು ಕಂಡರಾಗದು. ಸ್ವಾರ್ಥಿ, ಸೇಡಿನ ಸ್ವಭಾವದವನು, ಕಳ್ಳ ಎಂದೆಲ್ಲ ದೂರುತ್ತಿದ್ದರು. ಕಳ್ಳನೆಂಬ ಆರೋಪಕ್ಕೆ ಆತ ಏನೆಂದು ಉತ್ತರ ಕೊಟ್ಟಾನು? ತಾನ್ ತಾನ್ ಎಂದಷ್ಟೇ.

ಅವನನ್ನು ಪರೀಕ್ಷಿಸಿದ ಶಸ್ತ್ರವೈದ್ಯನ ಹೆಸರು ಪಾಲ್ ಬ್ರೋಕಾ. ಕಾಲಿನ ಸ್ಥಿತಿ ನೋಡಿದರೆ ರೋಗಿ ಹೆಚ್ಚು ದಿನ ಉಳಿಯುವುದಿಲ್ಲವೆಂದು ಬ್ರೋಕಾನಿಗೆ ಗೊತ್ತಾಯಿತು. ಇದ್ದ ಕೆಲವೇ ದಿನಗಳಲ್ಲಿ ಆತ ತಿಳಿಯಲು ಹೊರಟದ್ದು, ಈ ಮನುಷ್ಯನಿಗೆ ಒಳಗೆ ಎಷ್ಟು ಅರ್ಥವಾಗುತ್ತಿದೆ ಎಂಬುದನ್ನು. ‘ಈ ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತು?’ ಎಂದು ಕೇಳಿದ. ತಾನ್ ಕೈಯ ಐದು ಬೆರಳುಗಳನ್ನು ನಾಲ್ಕು ಬಾರಿ ಬಿಚ್ಚಿ ತೋರಿಸಿ, ಮತ್ತೊಂದು ಬೆರಳು ಸೇರಿಸಿದ. ಲೆಕ್ಕ ಸರಿಯಾಗಿ 21! ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ವೈದ್ಯ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ತಾನ್‌ಗೆ ಹೊಳೆಯಿತು. ಸಿಟ್ಟು ಬಂದು, ದೇವರ ಹೆಸರು ಹಿಡಿದು ಒಂದು ಆಣೆಯ ಬೈಗುಳ ಒದರಿದ. ತಾನ್ ಎಂಬುದನ್ನು ಬಿಟ್ಟರೆ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ. ಗಡಿಯಾರ ತೋರಿಸಿದರೆ ಗಂಟೆಯೆಷ್ಟೆಂದು ಸೂಚಿಸುತ್ತಿದ್ದ. ಬುದ್ಧಿ ಸ್ವಲ್ಪ ಮಂಕಾಗಿರಬಹುದು, ಆದರೆ ಅದು ಇದೆ, ಕೇಳಿಸಿಕೊಳ್ಳುತ್ತಿದೆ, ರೇಗುತ್ತಲೂ ಇದೆ ಎಂಬುದು ಸ್ಪಷ್ಟವಾಯಿತು.

ಏಪ್ರಿಲ್ 17ರಂದು ಆತ ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಸಭೆಗೆ ಕೊಂಡೊಯ್ದು ತೋರಿಸಿದ. ಎಡ ಅರ್ಧಗೋಳದ ಮುಂಭಾಗದಲ್ಲಿ ಒಂದು ಕುಳಿ, ಕೋಳಿಮೊಟ್ಟೆ ಹಿಡಿಸುವಷ್ಟು ದೊಡ್ಡದು. ಅದೇ ವರ್ಷ ಲೆಲಾಂಗ್ ಎಂಬ 84 ವರ್ಷದ ಮುದುಕ ಬಂದ. ಅವನ ಬಳಿ ಉಳಿದಿದ್ದವು ಐದೇ ಶಬ್ದ. ಅವುಗಳಲ್ಲಿ ಒಂದು, ಮುಕ್ಕಾಗಿದ್ದ ‘ಮೂರು’. ಎಲ್ಲ ಸಂಖ್ಯೆಗೂ ಅದೇ. ಮಕ್ಕಳೆಷ್ಟು ಎಂದರೆ ‘ಮೂರು’ ಎನ್ನುತ್ತಲೇ ನಾಲ್ಕು ಬೆರಳು ಎತ್ತಿ ತೋರಿಸುತ್ತಿದ್ದ. ಬಾಯಿ ಹೇಳಿದ್ದನ್ನು ಬೆರಳು ತಿದ್ದುತ್ತಿತ್ತು! ಅವನ ಮಿದುಳಿನಲ್ಲೂ ಗಾಯವಿದ್ದದ್ದು ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಇಂಥ ಇನ್ನಷ್ಟು ರೋಗಿಗಳನ್ನು ಕಂಡ ಮೇಲೆ, 1865ರಲ್ಲಿ, ನಾವು ಮಾತನಾಡುವುದು ಎಡ ಅರ್ಧಗೋಳದಿಂದ ಎಂದು ಬ್ರೋಕಾ ಬರೆದ. ಮಾರ್ಕ್ ಡಾಕ್ಸ್ ಎಂಬ ಹಳ್ಳಿಗಾಡಿನ ವೈದ್ಯ ಇದನ್ನೇ 1836ರಲ್ಲಿ ಬರೆದಿಟ್ಟಿದ್ದನೆಂದು ಅವನ ಮಗ ಅದೇ ವರ್ಷ ಲೇಖನ ಅಚ್ಚು ಹಾಕಿಸಿದ. ಯಾರು ಮೊದಲು ಎಂಬ ಜಗಳ ವಿಜ್ಞಾನದಲ್ಲೂ ತಪ್ಪಿದ್ದಲ್ಲ.

ಈಗ ನಮ್ಮ ಹಿರಿಯರ ವರದಿ ಅರ್ಥವಾಗುತ್ತದೆ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆ. ಬಲಗೈ ಬಂಟರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಭಾಷೆಯ ಮನೆಯೂ ಎಡಭಾಗದಲ್ಲೇ. ಎಡಚರಲ್ಲೂ ಬಹುಪಾಲು ಜನರಿಗೆ ಹಾಗೆಯೇ. ಕೈಯನ್ನು ಆಡಿಸುವ ಭಾಗಕ್ಕೂ ಭಾಷೆಯ ಭಾಗಕ್ಕೂ ರಕ್ತ ಒದಗಿಸುವುದು ಹೆಚ್ಚಾಗಿ ಒಂದೇ ರಕ್ತನಾಳ. ಅದು ಕಟ್ಟಿಕೊಂಡರೆ ಎರಡೂ ಒಟ್ಟಿಗೆ ಸೊರಗುತ್ತವೆ. ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಆರಂಭದಲ್ಲಿ ಭಾಷೆಯ ತೊಂದರೆ ಕಾಣುತ್ತದೆ. ತಲೆಗೆ ಪೆಟ್ಟು, ಗಡ್ಡೆ, ಸೋಂಕು, ಇವುಗಳಿಂದಲೂ ಬರಬಹುದು. ವೈದ್ಯರು ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಇದು ನಾಲಿಗೆಯ ರೋಗವಲ್ಲ, ಕಿವಿಯ ರೋಗವೂ ಅಲ್ಲ. ‘ಬಾಯಿ ಬಿದ್ದಿದೆ’ ಎಂದು ನಾಲಿಗೆಗೆ ಬಜೆ, ಜೇನುತುಪ್ಪ ತಿಕ್ಕಿಸಿದರೆ ಏನೂ ಪ್ರಯೋಜನವಾಗದು.

ಬ್ರೋಕಾ ತೋರಿಸಿದ ಬಗೆಯ ಅಫೇಸಿಯಾದಲ್ಲಿ ಎಲ್ಲರೂ ತಾನ್‌ನಷ್ಟು ಬರಿಗೈಯವರಾಗಿರುವುದಿಲ್ಲ. ಹೆಚ್ಚಿನವರು ಒಂದೊಂದೇ ಶಬ್ದವನ್ನು ಬಾವಿಯಿಂದ ನೀರು ಸೇದಿದಂತೆ ಎಳೆದು ತರುತ್ತಾರೆ. ‘ಆಸ್ಪತ್ರೆ... ಮಗ... ಬಸ್ಸು... ನಾಳೆ’. ತಂತಿ ಸುದ್ದಿಯ ಹಾಗೆ ಮುಖ್ಯ ಶಬ್ದಗಳಷ್ಟೇ ಇರುತ್ತವೆ, ಅವನ್ನು ಹೊಲಿಯುವ ದಾರ ಇರುವುದಿಲ್ಲ. ತಾವು ತಡವರಿಸುತ್ತಿರುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಳು, ಸಿಟ್ಟು ಬರುವುದು ಅದಕ್ಕೇ.

ಇದರ ತದ್ವಿರುದ್ಧ ರೂಪವನ್ನು ವಿವರಿಸಿದವನು ಕಾರ್ಲ್ ವೆರ್ನಿಕೆ. ಆಗ ಜರ್ಮನಿಯಲ್ಲಿದ್ದು ಈಗ ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ನಗರದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ. 1874ರಲ್ಲಿ ಪುಸ್ತಕ ಪ್ರಕಟಿಸಿದಾಗ ಅವನಿಗೆ 26 ವರ್ಷ. (ಹೆಚ್ಚು ಕಡಿಮೆ ನನ್ನ ವಯಸ್ಸು. ನಾನಿನ್ನೂ ಪುರಸಭೆಯ ಸಭೆಗಳ ವರದಿ ಬರೆಯುತ್ತಿದ್ದೇನೆ.) ಅವನ ರೋಗಿಗಳ ಗಾಯ ಇನ್ನೂ ಹಿಂದಕ್ಕೆ, ಎಡಗಿವಿಯ ಮೇಲ್ಭಾಗದ ನೇರಕ್ಕೆ ಒಳಗಡೆ ಇತ್ತು. ಅವರು ಸರಾಗವಾಗಿ ಮಾತನಾಡುತ್ತಿದ್ದರು. ದನಿಯ ಏರಿಳಿತ ಸರಿ, ವೇಗ ಸರಿ, ವ್ಯಾಕರಣದ ಚೌಕಟ್ಟೂ ಬಹುಮಟ್ಟಿಗೆ ಇದೆ, ಒಳಗೆ ಹುರುಳಿಲ್ಲ. ಕನ್ನಡದಲ್ಲಿ ನಾನೇ ಒಂದು ಮಾದರಿ ಕಟ್ಟಿ ಹೇಳುವುದಾದರೆ, ‘ಆ ಮೇಲಿನದು ಬಂತಲ್ಲ, ಅದನ್ನು ನಾನು ಗಡಿಬಿಗೆ ಕಟ್ಟಿಸಿ ಹೋದೆ, ಅವರು ಸುಮ್ಮನೆ ತೊಳಗಿಸಿಬಿಟ್ಟರು’, ಹೀಗಿರುತ್ತದೆ. ಇದ್ದ ಶಬ್ದ ತಪ್ಪು ಜಾಗದಲ್ಲಿ, ಇಲ್ಲದ ಶಬ್ದ ಇದ್ದಂತೆ. ಬೇರೆಯವರು ಆಡಿದ್ದೂ ಇವರಿಗೆ ಹೀಗೆಯೇ ಕೇಳುತ್ತದೆ, ಪರಭಾಷೆಯ ಹಾಗೆ. ತಮ್ಮ ಮಾತು ತಪ್ಪುತ್ತಿದೆಯೆಂಬುದು ಎಷ್ಟೋ ಸಲ ಅವರಿಗೆ ತಿಳಿಯುವುದೇ ಇಲ್ಲ.

ಅಪಾಯ ಹೆಚ್ಚು ಇರುವುದು ಈ ಎರಡನೆಯ ಬಗೆಯಲ್ಲಿ. ಇವರಲ್ಲಿ ಅನೇಕರಿಗೆ ಕೈಕಾಲು ಬಿದ್ದಿರುವುದಿಲ್ಲ. ನೆನ್ನೆ ರಾತ್ರಿಯವರೆಗೆ ಸರಿಯಾಗಿದ್ದ ಯಜಮಾನ ಬೆಳಿಗ್ಗೆ ಎದ್ದು ಅಸಂಬದ್ಧ ಮಾತನಾಡುತ್ತಿದ್ದರೆ ಮನೆಯವರಿಗೆ ಏನನ್ನಿಸುತ್ತದೆ? ತಲೆಕೆಟ್ಟಿದೆ, ಗಾಳಿ ಸೋಕಿದೆ, ಕುಡಿದಿದ್ದಾನೆ. ರಕ್ತನಾಳ ಕಟ್ಟಿದಾಗ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ನಾಲ್ಕೂವರೆ ಗಂಟೆ ಮಂತ್ರವಾದಿಯ ಜಗಲಿಯ ಮೇಲೆ ಕಳೆದುಹೋದರೆ ಮತ್ತೆ ಬರುವುದಿಲ್ಲ. ಮುಖ ಒಂದು ಕಡೆ ಜೋತದ್ದು, ಕೈ ಸೋತದ್ದು ಮಾತ್ರವಲ್ಲ, ಮಾತು ಇದ್ದಕ್ಕಿದ್ದಂತೆ ಕಲಸಿಹೋದದ್ದೂ ಪಾರ್ಶ್ವವಾಯುವಿನ ಲಕ್ಷಣ.

ಒಬ್ಬರಿಗೆ ಮಾತು ಹೋಗಿದೆ ಅರ್ಥ ಉಳಿದಿದೆ, ಇನ್ನೊಬ್ಬರಿಗೆ ಅರ್ಥ ಹೋಗಿದೆ ಮಾತು ಉಳಿದಿದೆ ಎಂದು ಎರಡು ಗೂಡು ಮಾಡಿ ಇಟ್ಟುಬಿಟ್ಟರೆ ಹೇಳುವವನಿಗೂ ಕೇಳುವವರಿಗೂ ಸುಲಭ. ನೂರು ವರ್ಷ ಪಠ್ಯಪುಸ್ತಕಗಳು ಹಾಗೆಯೇ ಹೇಳಿದವು. ಆದರೆ ಅಮೆರಿಕದಲ್ಲಿ ಕರಮಾಟ್ಸಾ ಮತ್ತು ಝುರಿಫ್ ಎಂಬಿಬ್ಬರು 1976ರಲ್ಲಿ ಬ್ರೋಕಾ ಬಗೆಯ ರೋಗಿಗಳನ್ನು ಬೇರೆ ರೀತಿ ಪರೀಕ್ಷಿಸಿದರು. ‘ಹುಡುಗ ತಿನ್ನುತ್ತಿರುವ ಸೇಬು ಕೆಂಪಗಿದೆ’ ಎಂದರೆ ರೋಗಿ ಸರಿಯಾದ ಚಿತ್ರ ತೋರಿಸುತ್ತಾನೆ. ‘ನಾಯಿ ಅಟ್ಟಿಸುತ್ತಿರುವ ಬೆಕ್ಕು ಕಪ್ಪಗಿದೆ’ ಎಂಬ ಜಾತಿಯ ವಾಕ್ಯಕ್ಕೆ ಬಂದರೆ ಎಡವುತ್ತಾನೆ. ಏಕೆಂದರೆ ಸೇಬು ಹುಡುಗನನ್ನು ತಿನ್ನಲಾರದು. ಲೋಕಜ್ಞಾನವೇ ಅರ್ಥವನ್ನು ಹೇಳಿಕೊಡುತ್ತದೆ. ನಾಯಿ ಬೆಕ್ಕುಗಳ ವಿಷಯದಲ್ಲಿ ಯಾರು ಯಾರನ್ನು ಎಂದು ತಿಳಿಯಲು ವ್ಯಾಕರಣವೊಂದೇ ಗತಿ, ಅದೇ ಕೈಕೊಟ್ಟಿದೆ. ಹಾಗಾದರೆ ಆತನಿಗೆ ಹೋಗಿದ್ದು ಬರೀ ಬಾಯಿಮಾತಲ್ಲ, ಕೇಳುವಾಗಲೂ ಬೇಕಾದ ಹೊಲಿಗೆಯ ದಾರ.

ಕನ್ನಡದಲ್ಲಿ ಆ ದಾರ ಎಲ್ಲಿರುತ್ತದೆ ನೋಡಿ. ‘ಹಾವನ್ನು ಮುಂಗುಸಿ ಕಚ್ಚಿತು’, ‘ಹಾವು ಮುಂಗುಸಿಯನ್ನು ಕಚ್ಚಿತು’. ಶಬ್ದಗಳು ಅವೇ, ಸಾಲಿನ ಕ್ರಮವೂ ಅದೇ, ಸತ್ತದ್ದು ಯಾರು ಎಂಬುದನ್ನು ನಿರ್ಧರಿಸುವುದು ‘ಅನ್ನು’ ಎಂಬ ಪುಟ್ಟ ಪ್ರತ್ಯಯ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಪದಗಳ ಕ್ರಮವೇ ಮಾಡುತ್ತದೆ. ಅದಕ್ಕೇ ಗಾಯ ಒಂದೇ ಜಾಗದಲ್ಲಿದ್ದರೂ ಭಾಷೆಯಿಂದ ಭಾಷೆಗೆ ಲಕ್ಷಣ ಬೇರೆ. ಇಂಗ್ಲಿಷ್ ರೋಗಿ ಕ್ರಿಯಾಪದದ ಬಾಲವನ್ನು ಸುಮ್ಮನೆ ಕೈಬಿಡುತ್ತಾನೆ, ಮೊಂಡು ಧಾತುವೂ ಅಲ್ಲಿ ಒಂದು ಪದವೇ. ಹೀಬ್ರೂವಿನಲ್ಲಿ ಧಾತುವೆಂದರೆ ಬರೀ ವ್ಯಂಜನಗಳು, ಉಚ್ಚರಿಸಲು ಬಾರದು. ಅಲ್ಲಿಯ ರೋಗಿ ಬಾಲ ಬಿಡುವುದಿಲ್ಲ, ತಪ್ಪು ಬಾಲ ಹಚ್ಚುತ್ತಾನೆ. ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಗಳನ್ನು ಅನುವಾದ ಮಾಡಿ ನಮ್ಮವರ ಮುಂದೆ ಹಿಡಿದರೆ ಸಾಲದು, ಕನ್ನಡದ ವ್ಯಾಕರಣಕ್ಕೆ ತಕ್ಕ ಪರೀಕ್ಷೆಗಳೇ ಬೇಕು ಎನ್ನುವುದು ಇದಕ್ಕಾಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಅಲ್ಲಿ ಇಂಥ ಕೆಲಸ ನಡೆದಿದೆ.

ಮಾತು, ಓದು, ಬರಹ ಮೂರೂ ಒಂದೇ ಗಂಟಿನಲ್ಲಿ ಹೋಗಬೇಕೆಂದೇನೂ ಇಲ್ಲ. 1887ರಲ್ಲಿ ಪ್ಯಾರಿಸ್ಸಿನ ಒಬ್ಬ ಬಟ್ಟೆ ವ್ಯಾಪಾರಿಗೆ ಇದ್ದಕ್ಕಿದ್ದಂತೆ ಓದು ಹೋಯಿತು. ಮಾತು ಸರಿಯಾಗಿತ್ತು, ಕಣ್ಣೂ ಸರಿಯಾಗಿತ್ತು, ಅಂಕಿಗಳನ್ನು ಓದುತ್ತಿದ್ದ. ಕಾಗದ ಕೊಟ್ಟರೆ ಪತ್ರ ಬರೆಯುತ್ತಿದ್ದ. ಬರೆದಾದ ಮೇಲೆ ತನ್ನದೇ ಪತ್ರವನ್ನು ಓದಲಾರ! ಬೆರಳಿನಿಂದ ಅಕ್ಷರದ ಮೇಲೆ ತಿದ್ದಿದರೆ ಮಾತ್ರ ಅದು ಯಾವುದೆಂದು ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ, 1892ರಲ್ಲಿ, ಡೆಜರೀನ್ ಎಂಬ ವೈದ್ಯ ಕಾರಣ ತೋರಿಸಿದ. ನೋಡಿದ್ದನ್ನು ಭಾಷೆಯ ಭಾಗಕ್ಕೆ ತಲುಪಿಸುವ ದಾರಿ ಕಡಿದುಹೋಗಿತ್ತು. ಕೈಯಿಂದ ಹೋಗುವ ದಾರಿ ತೆರೆದೇ ಇತ್ತು.

ಇನ್ನೊಂದು ಸಂಶೋಧನೆ ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸಿತು. ಹುಟ್ಟು ಕಿವುಡರು ಕೈಸನ್ನೆಯ ಭಾಷೆ ಆಡುತ್ತಾರಷ್ಟೆ. ಅಂಥವರಿಗೆ ಪಾರ್ಶ್ವವಾಯು ಹೊಡೆದರೆ? ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಪಾಯ್ಜ್ನರ್, ಕ್ಲೀಮಾ, ಬೆಲ್ಲೂಜಿ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರವಿದೆ. ಎಡ ಮಿದುಳಿಗೆ ಪೆಟ್ಟು ಬಿದ್ದವರ ಸನ್ನೆಯೂ ಮುರಿಯಿತು, ಕೆಲವರದು ತಡವರಿಸಿ, ಕೆಲವರದು ಸರಾಗವಾಗಿ ಅಸಂಬದ್ಧವಾಗಿ. ಬಲಭಾಗಕ್ಕೆ ಪೆಟ್ಟು ಬಿದ್ದವರಿಗೆ ಒಂದು ಮನೆಯ ಚಿತ್ರ ಬರೆಯಲು ಕಷ್ಟವಾಯಿತು, ಸನ್ನೆಯ ಭಾಷೆ ಮಾತ್ರ ಚೆನ್ನಾಗಿಯೇ ಇತ್ತು. ಎಡ ಮಿದುಳು ಕಾಯುವುದು ದನಿಯನ್ನಲ್ಲ, ಭಾಷೆಯನ್ನು.

ನಮ್ಮಲ್ಲಿ ಒಂದೇ ಭಾಷೆಯವರು ಕಡಿಮೆ. ಬೆಂಗಳೂರಿನ ಪೇಟೆಯಲ್ಲಿ ನಾಲ್ಕು ಭಾಷೆಗಳಲ್ಲಿ ವ್ಯಾಪಾರ ಮಾಡುವವರಿಗೆ ಹೀಗಾದರೆ ಯಾವ ಭಾಷೆ ಉಳಿಯುತ್ತದೆ? ಫ್ರಾನ್ಸಿನ ರೀಬೋ 1881ರಲ್ಲಿ, ಮೊದಲು ಕಲಿತದ್ದು ಗಟ್ಟಿ ಎಂದ. ಪೀತ್ರ್ 1895ರಲ್ಲಿ, ಹೆಚ್ಚು ಬಳಸಿದ್ದು ಗಟ್ಟಿ ಎಂದ. ಹೆಚ್ಚಿನವರಲ್ಲಿ ಕಂಡುಬಂದಿರುವುದು ಇಬ್ಬರೂ ಹೇಳಿದ್ದಲ್ಲ, ಎಲ್ಲ ಭಾಷೆಗಳೂ ಒಟ್ಟೊಟ್ಟಿಗೆ ಕುಗ್ಗಿ ಒಟ್ಟೊಟ್ಟಿಗೆ ಚೇತರಿಸಿಕೊಳ್ಳುತ್ತವೆ. ಆದರೆ ಒಂದು ಬಂದು ಇನ್ನೊಂದು ಬಾರದವರೂ, ಎರಡನ್ನೂ ಬೇಕೆಂದಾಗ ಬಿಡಿಸಿಕೊಳ್ಳಲಾರದೆ ಬೆರೆಸುವವರೂ ಇದ್ದಾರೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಪಾರ್ಶ್ವವಾಯು ರೋಗಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ವರದಿ ಪ್ರಕಟಿಸಿದರು. ಪಾರ್ಶ್ವವಾಯುವಿನ ನಂತರವೂ ನೆನಪು, ಗಮನ, ಯೋಚನೆ ಎಂದಿನಂತಿದ್ದವರ ಪ್ರಮಾಣ ಒಂದೇ ಭಾಷೆಯವರಲ್ಲಿ ನೂರಕ್ಕೆ ಸುಮಾರು 20, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ 40. ಸಂತೋಷದ ಸುದ್ದಿ. ಆದರೆ ಅಫೇಸಿಯಾ ಬರುವ ಸಂಭವ ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ. ಈ ಎರಡನೆಯ ಅಂಶವನ್ನು ನಮ್ಮ ಪತ್ರಿಕೆಗಳವರು ಬಿಟ್ಟುಬಿಡುವುದೇ ಹೆಚ್ಚು.

ಏನೂ ಬಾರದವರ ಬಾಯಿಂದಲೂ ಕೆಲವು ಮಾತು ಬರುತ್ತವೆ. ಒಂದರಿಂದ ಹತ್ತರವರೆಗೆ ಎಣಿಕೆ, ವಾರದ ಹೆಸರು, ಬಾಯಿಪಾಠ, ಹಾಡು, ಬೈಗುಳ. ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಇವು ಆ ಕ್ಷಣ ಹೊಸದಾಗಿ ಕಟ್ಟಿದ ವಾಕ್ಯಗಳಲ್ಲ, ಹಿಂದೆಯೇ ಕಟ್ಟಿಟ್ಟ ಗಂಟುಗಳು. ಆದ್ದರಿಂದ, ‘ಭಜನೆ ಪೂರ್ತಿ ಹಾಡುತ್ತಾರೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ, ಎಲ್ಲ ನಾಟಕ’ ಎಂದು ಸೊಸೆಯೋ ಮಗನೋ ನೊಂದುಕೊಳ್ಳಬೇಕಿಲ್ಲ. ಹಾಡಿನ ಈ ದಾರಿಯನ್ನೇ ಹಿಡಿದು ಮಾತು ಕಲಿಸುವ ಒಂದು ಪದ್ಧತಿ 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ರೂಪುಗೊಂಡಿತು. ಕೆಲವರಿಗೆ ಅದು ಒಗ್ಗುತ್ತದೆ, ಎಲ್ಲರಿಗೂ ಅಲ್ಲ.

ಭಾಷೆ ಹೋದರೆ ಬುದ್ಧಿ ಹೋಯಿತೇ ಎನ್ನುವವರಿಗೆ ನಾನು ಸ್ವೀಡನ್ನಿನ ಕವಿ ತುಮಾಸ್ ಟ್ರಾನ್ಸ್‌ಟ್ರೋಮರ್‌ನನ್ನು ತೋರಿಸುತ್ತೇನೆ. 1990ರಲ್ಲಿ, 59ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯು ಅವನ ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿತು. ವಿಚಿತ್ರವೆಂದರೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಸಂಗೀತಗಾರನೊಬ್ಬನ ಬಗ್ಗೆ ಆತ 1974ರಲ್ಲೇ ತನ್ನ ದೀರ್ಘ ಕವನವೊಂದರಲ್ಲಿ ಬರೆದಿದ್ದ. ಮಾತು ಹೋದ ಮೇಲೂ 1996ರಲ್ಲಿ, 2004ರಲ್ಲಿ ಅವನ ಸಂಕಲನಗಳು ಬಂದವು. ಎಡಗೈ ಒಂದರಿಂದಲೇ ನುಡಿಸಬಹುದಾದ ಪಿಯಾನೊ ಕೃತಿಗಳನ್ನು ನುಡಿಸುತ್ತಿದ್ದ. 2011ರಲ್ಲಿ ನೊಬೆಲ್ ಬಹುಮಾನ ಬಂತು. ಪತ್ರಕರ್ತರೊಡನೆ ಮಾತನಾಡಿದ್ದು ಪಕ್ಕದಲ್ಲಿದ್ದ ಹೆಂಡತಿ.

ಕವಿಗೆ ನೊಬೆಲ್ ಸಮಿತಿಯಿದೆ. ನಮ್ಮ ಕೇರಿಯ ನಿವೃತ್ತ ಮಾಸ್ತರಿಗೆ ಏನಿದೆ? ಮಾತು ಹೋದ ತಿಂಗಳೊಳಗೆ ಬ್ಯಾಂಕಿನ ಪುಸ್ತಕ ಮಗನ ಕೈಗೆ ಹೋಗುತ್ತದೆ, ಜಮೀನಿನ ಮಾತುಕತೆ ಅವರೆದುರಿಗೇ, ಅವರನ್ನು ಬಿಟ್ಟು ನಡೆಯುತ್ತದೆ. ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಏಳು ಬಗೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ‘ವಾಕ್ ಮತ್ತು ಭಾಷಾ ನ್ಯೂನತೆ’ ಸೇರಿದೆ, ಅದರ ವ್ಯಾಖ್ಯೆಯಲ್ಲಿ ಅಫೇಸಿಯಾ ಎಂಬ ಶಬ್ದವೇ ಇದೆ. ಪ್ರಮಾಣಪತ್ರ ಕೇಳುವ ಹಕ್ಕು ಇದೆಯೆಂಬುದು ಎಷ್ಟು ಮನೆಗಳಿಗೆ ಗೊತ್ತು?

ಮನೆಯವರು ಮಾಡಬಹುದಾದದ್ದು ದೊಡ್ಡ ವಿದ್ಯೆಯೇನಲ್ಲ. ಟಿ.ವಿ. ಆರಿಸಿ ಎದುರಿಗೆ ಕೂತು ಮಾತನಾಡಬೇಕು. ಒಂದು ಸಲಕ್ಕೆ ಒಂದೇ ವಿಷಯ, ಚಿಕ್ಕ ವಾಕ್ಯ. ‘ಏನು ಬೇಕು?’ ಎನ್ನುವ ಬದಲು ‘ಕಾಫಿ ಬೇಕೇ?’ ಎಂದರೆ ತಲೆಯಾಡಿಸಿ ಉತ್ತರಿಸಬಹುದು. ಕಿವುಡರೆಂಬಂತೆ ಕೂಗಬಾರದು, ಮಗುವಿನಂತೆ ಮುದ್ದುಗರೆಯಬಾರದು, ಶಬ್ದಕ್ಕಾಗಿ ಹುಡುಕುತ್ತಿರುವಾಗ ನಡುವೆ ಬಾಯಿ ಹಾಕಿ ವಾಕ್ಯ ಮುಗಿಸಬಾರದು. ಬಳಪ, ಕ್ಯಾಲೆಂಡರು, ಕುಟುಂಬದ ಫೋಟೊ, ಬೆರಳು, ಎಲ್ಲವೂ ಮಾತೇ. ವಾಕ್ ಚಿಕಿತ್ಸಕರ ಬಳಿಗೆ ಬೇಗ ಹೋದಷ್ಟೂ ಒಳ್ಳೆಯದು. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಚುರುಕು, ಆಮೇಲೆ ನಿಧಾನ. ಆದರೆ ವರ್ಷಗಳ ನಂತರವೂ ಅಭ್ಯಾಸದಿಂದ ಸುಧಾರಿಸಿದವರಿದ್ದಾರೆ.

ತಾನ್‌ನ ಮಿದುಳನ್ನು ಬ್ರೋಕಾ ಕತ್ತರಿಸಲಿಲ್ಲ, ಇಡಿಯಾಗಿಯೇ ಕಾಪಿಟ್ಟ. ಅದಿನ್ನೂ ಪ್ಯಾರಿಸ್ಸಿನಲ್ಲಿದೆ. 2007ರಲ್ಲಿ ಹೊಸ ಯಂತ್ರಗಳಿಂದ ನೋಡಿದಾಗ ಗಾಯ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು. ಮಿದುಳಿನ ಮುಂದಿನ, ಹಿಂದಿನ ಭಾಗಗಳನ್ನು ಬೆಸೆಯುವ ನರತಂತುಗಳೂ ಹಾಳಾಗಿದ್ದವು. ಭಾಷೆ ಒಂದು ಕೋಣೆಯಲ್ಲಿಲ್ಲ, ಕೋಣೆಗಳ ನಡುವಿನ ಓಡಾಟದಲ್ಲಿದೆ ಎಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಮಿದುಳು ಇಷ್ಟು ಪ್ರಸಿದ್ಧವಾದರೂ ಅದರ ಒಡೆಯ ಯಾರೆಂಬುದನ್ನು ಯಾರೂ ಹೆಚ್ಚು ಹುಡುಕಿರಲಿಲ್ಲ. ಪೋಲೆಂಡಿನ ಇತಿಹಾಸಕಾರ ಚೆಝಾರಿ ಡೊಮಾನ್ಸ್ಕಿ ದಾಖಲೆಗಳನ್ನು ಕೆದಕಿ 2013ರಲ್ಲಿ ಪ್ರಕಟಿಸಿದ. ಲೂಯಿ ವಿಕ್ಟರ್ ಲೆಬೋರ್ಞ, ಹುಟ್ಟಿದ್ದು 1809ರಲ್ಲಿ ಮೊರೆ ಎಂಬ ಊರಿನಲ್ಲಿ. ತಂದೆ ಶಾಲಾ ಮಾಸ್ತರು. ಬಾಲ್ಯದಿಂದ ಮೂರ್ಛೆರೋಗವಿದ್ದರೂ ಮೂವತ್ತನೆಯ ವಯಸ್ಸಿನವರೆಗೆ ಪ್ಯಾರಿಸ್ಸಿನಲ್ಲಿ ದುಡಿದು ತಿಂದವನು. ಅವನ ಊರಿನಲ್ಲಿ ಚರ್ಮ ಹದಮಾಡಲು ಮರದ ತೊಗಟೆ ಅರೆಯುವ ಗಿರಣಿಗಳಿದ್ದವು. ಆ ತೊಗಟೆಪುಡಿಗೆ ಫ್ರೆಂಚಿನಲ್ಲಿ ತಾನ್ ಎನ್ನುತ್ತಾರೆ.

ನನ್ನ ಸಮಯ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಬಹುದು.